ತುದಿಗಾಲಿನ ಹಿಂದಿರುವ ಎಂಟು ವರ್ಷ

ಪ್ರಶ್ನೆ: ನನ್ನ ಮಗಳಿಗೆ ಹನ್ನೊಂದು ವರ್ಷ. ಐದು ವರ್ಷಗಳಿಂದ ಭರತನಾಟ್ಯ ಕಲಿಯುತ್ತಿದ್ದಾಳೆ. ಈಚೆಗೆ ‘ಸ್ವಾನ್ ಲೇಕ್’ ಬ್ಯಾಲೆಯ ವಿಡಿಯೊ ನೋಡಿದ ಮೇಲೆ ಮನೆಯಲ್ಲೆಲ್ಲ ತುದಿಗಾಲಿನಲ್ಲೇ ಓಡಾಡುತ್ತಾಳೆ. ಹುಟ್ಟುಹಬ್ಬಕ್ಕೆಂದು ಅವಳ ಸೋದರಮಾವ ಆನ್‌ಲೈನ್‌ನಲ್ಲಿ ಪಾಯಿಂಟ್ ಶೂ, ಅಂದರೆ ತುದಿಬೆರಳಿನ ಮೇಲೆ ನಿಲ್ಲಲು ಹಾಕುವ ಗಟ್ಟಿ ಶೂ, ತರಿಸಿಕೊಟ್ಟಿದ್ದಾರೆ. ನಾನೂ ಅವಳ ಜೊತೆ ಕೂತು ನೋಡಿದೆ. ಚೆಂದವೇನೋ ಹೌದು. ಆದರೆ ಮುಖದಲ್ಲಿ ಭಾವವಿಲ್ಲ, ಸಾಹಿತ್ಯವಿಲ್ಲ; ಕಾಲು ಎತ್ತುವುದು, ಗಿರಗಿರನೆ ತಿರುಗುವುದು ಇಷ್ಟೇ ಅಲ್ಲವೇ ಅನ್ನಿಸಿತು. ಇದರಲ್ಲಿ ನೋಡಬೇಕಾದದ್ದು ಏನು? ಇದನ್ನು ಕಲಿಯಲು ಎಂಟು ವರ್ಷ ಬೇಕೆನ್ನುತ್ತಾರಲ್ಲ, ಏಕೆ? ಮಗಳು ಎರಡನ್ನೂ ಒಟ್ಟಿಗೆ ಕಲಿಯಬಹುದೇ?
ಮೈಸೂರಿನ ಓದುಗರೊಬ್ಬರು

ಉತ್ತರ: ಮೊದಲು ಶೂ ವಿಷಯ. ಅದನ್ನು ಮಗಳ ಕೈಗೆ ಸಿಗದ ಕಡೆ ಎತ್ತಿಡಿ. ಏಕೆಂದು ಕೊನೆಯಲ್ಲಿ ವಿವರವಾಗಿ ಹೇಳುತ್ತೇನೆ. ಆದರೆ ಓದಿ ಮುಗಿಸುವ ತನಕ ಕಾಯಬೇಡಿ, ಈಗಲೇ ಎದ್ದು ಹೋಗಿ ಇಟ್ಟು ಬನ್ನಿ.

ಭರತನಾಟ್ಯ ನೋಡಿ ಬೆಳೆದ ಕಣ್ಣಿಗೆ ಬ್ಯಾಲೆ ಮೊದಲ ಸಲ ನಿಮಗೆ ಕಂಡ ಹಾಗೆಯೇ ಕಾಣುತ್ತದೆ. ನಾವು ನರ್ತಕಿಯ ಮುಖ ನೋಡಲೆಂದೇ ಮುಂದಿನ ಸಾಲು ಹುಡುಕಿಕೊಂಡು ಕೂರುವವರು. ಹುಬ್ಬು ಎದ್ದಾಗ, ತುಟಿಯ ಅಂಚು ಕೊಂಕಿದಾಗ ಕಥೆ ಮುಂದೆ ಸಾಗಿತೆಂದು ನಮಗೆ ತಿಳಿಯುತ್ತದೆ. ಬ್ಯಾಲೆ ಬೆಳೆದದ್ದು ಅರಮನೆಯ ಹಜಾರಗಳಲ್ಲಿ, ಆಮೇಲೆ ನಾಲ್ಕೈದು ಅಂತಸ್ತಿನ ರಂಗಮಂದಿರಗಳಲ್ಲಿ. ಮೇಲಿನ ಗ್ಯಾಲರಿಯ ಕೊನೆಯ ಸಾಲಿನವರಿಗೆ ಹುಬ್ಬು ಕಾಣುವುದಿಲ್ಲ. ಹಾಗಾಗಿ ಭಾವ ಮುಖದಿಂದ ಕೆಳಗಿಳಿದು ಕತ್ತಿನಲ್ಲಿ, ಹೆಗಲಿನಲ್ಲಿ, ಬೆನ್ನಿನಲ್ಲಿ ನೆಲೆಸಿತು. ಮುಂದಿನ ಸಲ ವಿಡಿಯೊ ಹಾಕಿದಾಗ ಹತ್ತು ನಿಮಿಷ ಕಾಲುಗಳತ್ತ ನೋಡಲೇಬೇಡಿ. ಬೆನ್ನನ್ನು ನೋಡಿ. ಹಂಸದ ರಾಣಿ ಓಡೆಟ್ ರಾಜಕುಮಾರನ ಕಡೆಗೆ ಬೆನ್ನು ಹಾಕಿ ನಿಂತಿರುವಾಗ ಅವಳ ಹೆಗಲು ಸ್ವಲ್ಪ ಕುಸಿಯುತ್ತದೆ, ತಲೆ ಓರೆಯಾಗುತ್ತದೆ. ಅವಳ ಹೆದರಿಕೆಯೂ ನಂಬಬೇಕೆಂಬ ಆಸೆಯೂ ಅಲ್ಲೇ ಇವೆ.

ನಮ್ಮ ಹಸ್ತಗಳಷ್ಟು ವಿಸ್ತಾರವಲ್ಲದಿದ್ದರೂ ಬ್ಯಾಲೆಗೂ ಕೈಮಾತು ಉಂಟು. ತಲೆಯ ಮೇಲೆ ಎರಡು ಕೈಗಳನ್ನು ಒಂದರ ಸುತ್ತ ಒಂದು ಸುತ್ತಿಸಿದರೆ ‘ನರ್ತಿಸು’ ಎಂದರ್ಥ. ಮುಖದ ಸುತ್ತ ಅಂಗೈ ಸುಳಿದರೆ ಚೆಲುವೆ. ಎರಡು ಬೆರಳನ್ನು ಮೇಲೆತ್ತಿದರೆ ಆಣೆ. ಮುಷ್ಟಿ ಕಟ್ಟಿದ ಕೈಗಳನ್ನು ಮುಂದೆ ಅಡ್ಡಡ್ಡ ಇಳಿಸಿದರೆ ಸಾವು. ‘ಸ್ವಾನ್ ಲೇಕ್’ನ ಹಳೆಯ ರೂಪದಲ್ಲಿ ಓಡೆಟ್ ತನ್ನ ಕಥೆಯನ್ನು ಹೀಗೆ ಕೈಯಲ್ಲೇ ಹೇಳುತ್ತಾಳೆ: ಈ ಸರೋವರ ನನ್ನ ತಾಯಿಯ ಕಣ್ಣೀರಿನಿಂದ ಆದದ್ದು ಎಂದು. ಸೋವಿಯತ್ ಕಾಲದಲ್ಲಿ ಅದನ್ನು ತೆಗೆದು ಶುದ್ಧ ನೃತ್ಯವನ್ನು ತುಂಬಿದರು. ನೀವು ನೋಡಿದ್ದು ಬಹುಶಃ ಅಂಥದೊಂದು ಪ್ರಯೋಗವಿರಬೇಕು. ನನಗಂತೂ ಆ ಕಣ್ಣೀರಿನ ಮಾತು ಇರುವ ರೂಪವೇ ಇಷ್ಟ.

ಮಾತೂ ಬೇಡ, ಕೈಮಾತೂ ಬೇಡ ಎನ್ನಿಸುವಂಥ ಅಭಿನಯ ನೋಡಬೇಕೆಂದರೆ ರಷ್ಯಾದ ನರ್ತಕಿ ಗಲೀನಾ ಉಲಾನೊವಾ ಅವರ ಜೂಲಿಯೆಟ್ ನೋಡಿ. ಪ್ರೊಕೊಫಿಯೆವ್ ಸಂಗೀತದ ‘ರೋಮಿಯೊ ಮತ್ತು ಜೂಲಿಯೆಟ್’ 1940ರಲ್ಲಿ ಲೆನಿನ್‌ಗ್ರಾಡ್‌ನಲ್ಲಿ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ರಂಗಕ್ಕೆ ಬಂದಾಗ ಅವರೇ ಜೂಲಿಯೆಟ್. 1956ರಲ್ಲಿ ಮಾಸ್ಕೋದ ಬೊಲ್ಶೊಯ್ ಬ್ಯಾಲೆ ತಂಡ ಲಂಡನ್ನಿಗೆ ಹೋದಾಗಲೂ ಅವರೇ. ಆಗ ಅವರಿಗೆ 46 ವರ್ಷ. ತಂದೆ ಬೇರೊಬ್ಬನಿಗೆ ಮದುವೆ ನಿಶ್ಚಯಿಸಿದ ಮೇಲೆ ಜೂಲಿಯೆಟ್ ನಿಲುವಂಗಿ ಹೊದ್ದು ಪಾದ್ರಿಯ ಬಳಿಗೆ ಓಡುತ್ತಾಳೆ. ಅಲ್ಲಿ ಜಿಗಿತವಿಲ್ಲ, ಸುತ್ತಿಲ್ಲ, ಬರೀ ಓಟ. ಎದೆ ಮುಂದಾಗಿ, ಬಟ್ಟೆ ಹಿಂದೆ ಹಾರುತ್ತ, ಹದಿನಾಲ್ಕೂ ತುಂಬದ ಹುಡುಗಿಯೊಬ್ಬಳು ಉಸಿರು ಬಿಡದೆ ಓಡುತ್ತಾಳೆ. 1955ರಲ್ಲಿ ತೆರೆಗೆ ಬಂದ ಚಿತ್ರರೂಪ ಉಳಿದಿದೆ. ಆ ಓಟ ಕಂಡಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ನಲವತ್ತು ದಾಟಿದ ಮೈಯೊಂದು ಹಾಗೆ ಓಡಲು ಎಷ್ಟು ವರ್ಷದ ತಯಾರಿ ಬೇಕು ಎಂಬುದು ನಿಮ್ಮ ಎರಡನೇ ಪ್ರಶ್ನೆಗೆ ಬಾಗಿಲು.

ಬ್ಯಾಲೆಯ ವ್ಯಾಕರಣ ಹುಟ್ಟಿದ್ದು ಫ್ರಾನ್ಸಿನಲ್ಲಿ. ಹದಿನಾಲ್ಕನೇ ಲೂಯಿ ಸ್ವತಃ ನರ್ತಕ. 1661ರಲ್ಲಿ ನೃತ್ಯಕ್ಕೆಂದೇ ರಾಜ ಅಕಾಡೆಮಿ ಸ್ಥಾಪಿಸಿದ. ಅವನ ನೃತ್ಯಗುರು ಪಿಯೆರ್ ಬೋಶಾಂ ಪಾದಗಳ ಐದು ಸ್ಥಾನಗಳನ್ನು ಕ್ರಮಕ್ಕೆ ತಂದ. ಇಂದಿಗೂ ಟೋಕಿಯೊದಲ್ಲಿರಲಿ, ಬೆಂಗಳೂರಿನಲ್ಲಿರಲಿ ತರಗತಿ ನಡೆಯುವುದು ಆ ಫ್ರೆಂಚ್ ಹೆಸರುಗಳಲ್ಲೇ. ನಮ್ಮಲ್ಲಿ ಯಾವ ಊರಿಗೆ ಹೋದರೂ ‘ತಟ್ಟಡವು’ ಎಂದರೆ ತಟ್ಟಡವೇ ಆಗಿರುವಂತೆ.

ರಷ್ಯಾದ ಕಥೆ 1738ರದು. ಮಹಾರಾಣಿ ಆನ್ನಾ ಕಾಲದಲ್ಲಿ ಜಾನ್ ಬ್ಯಾಪ್ಟಿಸ್ಟ್ ಲಾಂಡೆ ಎಂಬ ಫ್ರೆಂಚ್ ಗುರು ಸೇಂಟ್ ಪೀಟರ್ಸ್‌ಬರ್ಗ್‌ನ ಚಳಿಗಾಲದ ಅರಮನೆಯ ಕೋಣೆಗಳಲ್ಲಿ ಹನ್ನೆರಡು ಹುಡುಗರಿಗೆ, ಹನ್ನೆರಡು ಹುಡುಗಿಯರಿಗೆ ಪಾಠ ಶುರು ಮಾಡಿದ. ಅರಮನೆಯ ಸೇವಕರ ಮಕ್ಕಳು ಅವರು. ಪಾಠ ಅಂದಿನಿಂದ ಇಂದಿನವರೆಗೆ ಪೂರ್ತಿ ನಿಂತಿಲ್ಲ. ಎರಡನೇ ಮಹಾಯುದ್ಧದಲ್ಲಿ ಲೆನಿನ್‌ಗ್ರಾಡ್‌ಗೆ ಮುತ್ತಿಗೆ ಬಿದ್ದಾಗ ಶಾಲೆಯನ್ನು ಪೆರ್ಮ್ ಪ್ರದೇಶಕ್ಕೆ ಸಾಗಿಸಿದರು. ಮುತ್ತಿಗೆ ಮುಗಿದು ಶಾಲೆ ಊರಿಗೆ ಮರಳಿದರೂ ಅಲ್ಲಿ ಬಿದ್ದ ಬೀಜದಿಂದ ಪೆರ್ಮ್‌ನಲ್ಲೇ ಇನ್ನೊಂದು ದೊಡ್ಡ ಶಾಲೆ ಹುಟ್ಟಿತು.

ಪೀಟರ್ಸ್‌ಬರ್ಗ್‌ನ ಈ ಶಾಲೆಗೆ ಇಂದು ಅಗ್ರಿಪ್ಪಿನಾ ವಗಾನೊವಾ ಅವರ ಹೆಸರಿದೆ. 1879ರಲ್ಲಿ ಹುಟ್ಟಿದ ಅವರು ಅದೇ ನಗರದ ಮಾರಿಯಿನ್ಸ್ಕಿ ರಂಗಮಂದಿರದಲ್ಲಿ ಪ್ರೇಕ್ಷಕರಿಗೆ ಜಾಗ ತೋರಿಸುವ ಕೆಲಸದಲ್ಲಿದ್ದವರ ಮಗಳು. ಪ್ರತಿಭೆ ಇದ್ದರೂ ಸುಲಭವಾಗಿ ಮೇಲೇರಿದ ನರ್ತಕಿಯಲ್ಲ. ‘ಬ್ಯಾಲೆರಿನಾ’ ಎಂಬ ಪಟ್ಟ ಅವರಿಗೆ ಸಿಕ್ಕಿದ್ದು 1915ರಲ್ಲಿ, ಮರುವರ್ಷವೇ ನಿವೃತ್ತಿ. ತಾನು ಕಲಿತದ್ದರಲ್ಲಿ ಏನು ಕೊರತೆ ಎಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡವರು. ಫ್ರೆಂಚ್ ಪದ್ಧತಿಯಲ್ಲಿ ನಯವಿತ್ತು, ಬಿಗಿ ಸಾಲದು. ಇಟಲಿಯಿಂದ ಬಂದವರ ಕಾಲಿನಲ್ಲಿ ಉಕ್ಕಿತ್ತು, ತೋಳಿನಲ್ಲಿ ಮೃದುತನ ಸಾಲದು. 1893ರಲ್ಲಿ ಪಿಯೆರಿನಾ ಲೆನ್ಯಾನಿ ಎಂಬ ಇಟಲಿಯ ನರ್ತಕಿ ಒಂದೇ ಕಾಲಿನ ತುದಿಯಲ್ಲಿ ಸಾಲಾಗಿ 32 ಸುತ್ತು ಸುತ್ತಿ ಪೀಟರ್ಸ್‌ಬರ್ಗ್ ನಗರವನ್ನೇ ದಂಗುಬಡಿಸಿದ್ದಳು. ಅದೇ 32 ಸುತ್ತುಗಳು 1895ರ ‘ಸ್ವಾನ್ ಲೇಕ್’ಗೂ ಬಂದವು. ಕಪ್ಪು ಹಂಸದ ದೃಶ್ಯದಲ್ಲಿ ನಿಮ್ಮ ಮಗಳು ಬಾಯಿಬಿಟ್ಟು ನೋಡಿರುವುದು ಅದನ್ನೇ.

ವಗಾನೊವಾ 1921ರಲ್ಲಿ ಶಾಲೆಯಲ್ಲಿ ಪಾಠಕ್ಕೆ ನಿಂತರು. ಫ್ರೆಂಚರ ನಯ, ಇಟಲಿಯವರ ಬಲ, ರಷ್ಯನ್ನರ ಹಾಡುವ ಬೆನ್ನು, ಮೂರನ್ನೂ ಒಂದು ಕ್ರಮಕ್ಕೆ ತಂದು 1934ರಲ್ಲಿ ಪುಸ್ತಕವಾಗಿ ಬರೆದರು. ಅವರ ತರಗತಿಯಿಂದಲೇ ಮರೀನಾ ಸೆಮ್ಯೊನೊವಾ ಬಂದರು, ಉಲಾನೊವಾ ಬಂದರು, ನತಾಲಿಯಾ ದುದಿನ್‌ಸ್ಕಯಾ ಬಂದರು. ಒಬ್ಬರಂತೆ ಇನ್ನೊಬ್ಬರಿಲ್ಲ. ಒಳ್ಳೆಯ ಪದ್ಧತಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ಆ ಎಂಟು ವರ್ಷದಲ್ಲಿ ಏನು ಮಾಡುತ್ತಾರೆ? ಹತ್ತರ ಸುಮಾರಿನ ಮಗು ಸೇರುತ್ತದೆ. ಗೋಡೆಯುದ್ದಕ್ಕೂ ಇರುವ ಕಟ್ಟಿಗೆಯ ಬಾರ್ ಎದುರು ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತದೆ. ಮೊದಲ ಪಾಠ ಪ್ಲಿಯೆ, ಅಂದರೆ ಮೊಣಕಾಲು ಬಗ್ಗಿಸುವುದು. ‘ಇದು ನಮ್ಮ ಅರಮಂಡಿಯೇ ಅಲ್ಲವೇ’ ಎಂದು ನೀವು ಕೇಳಬಹುದು. ನೋಡಲು ಹಾಗೆಯೇ, ಮೊಣಕಾಲುಗಳು ಅಕ್ಕಪಕ್ಕಕ್ಕೆ ತೆರೆದುಕೊಳ್ಳುತ್ತವೆ, ಬೆನ್ನು ನೇರ. ಆದರೆ ಅರಮಂಡಿಯಲ್ಲಿ ನಾವು ವಾಸವಿರುತ್ತೇವೆ. ಅಡವಿನ ಕೊನೆಯವರೆಗೆ ಅಲ್ಲಿಂದ ಏಳಬಾರದು. ಪ್ಲಿಯೆ ಹೊಸ್ತಿಲು. ಅಲ್ಲಿ ನಿಲ್ಲುವಂತಿಲ್ಲ, ದಾಟಬೇಕು. ಎಲ್ಲ ಜಿಗಿತವೂ ಅಲ್ಲಿಂದ ಏಳುತ್ತದೆ, ಅಲ್ಲಿಗೇ ಇಳಿಯುತ್ತದೆ. ಗಾಳಿಯಲ್ಲಿ ತೇಲುವವರು ಸದ್ದಿಲ್ಲದೆ ನೆಲಕ್ಕೆ ಬರುವುದು ಆ ಬಗ್ಗುವಿಕೆಯಿಂದ. ಅದು ಮೆತ್ತಗಿಲ್ಲದಿದ್ದರೆ ಮೊದಲು ಪ್ರೇಕ್ಷಕರಿಗೆ ಧಡ್ ಎಂದು ಕೇಳಿಸುತ್ತದೆ. ಕೆಲವು ವರ್ಷಗಳ ನಂತರ ಮೊಣಕಾಲಿಗೆ ಕೇಳಿಸುತ್ತದೆ.

ಎರಡನೆಯದು ತಾಂದ್ಯು. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಪಾದಗಳು ಜೋಡಿಸಿಕೊಂಡಿವೆ. ಮುಂದಿನ ಪಾದ ನೆಲವನ್ನು ಸವರುತ್ತ ಹೊರಡುತ್ತದೆ. ಮೊದಲು ಹಿಮ್ಮಡಿ ನೆಲ ಬಿಡುತ್ತದೆ, ಆಮೇಲೆ ಅಂಗಾಲು, ಬೆರಳುಗಳ ಬುಡ. ಕೊನೆಗೆ ಬೆರಳ ತುದಿ ಮಾತ್ರ ನೆಲಕ್ಕೆ ತಾಗಿ ಇಡೀ ಕಾಲು ಸೊಂಟದಿಂದ ಉಗುರಿನವರೆಗೆ ಒಂದೇ ಗೆರೆಯಾಗುತ್ತದೆ. ಹಿಂದಿರುಗುವಾಗ ಅದೇ ದಾರಿ, ಉಲ್ಟಾ ಕ್ರಮ: ಬೆರಳು, ಬುಡ, ಅಂಗಾಲು, ಹಿಮ್ಮಡಿ. ಈ ಹೊತ್ತಿನಲ್ಲಿ ಸೊಂಟ ಅಲುಗಬಾರದು, ನಿಂತ ಕಾಲು ಒಳಕ್ಕೆ ಮಗುಚಬಾರದು, ಕತ್ತು ಬಿಗಿಯಬಾರದು. ಮೊದಲ ವರ್ಷದಲ್ಲಿ ಒಂದು ತಾಂದ್ಯುಗೆ ನಿಧಾನವಾದ ನಾಲ್ಕು ಎಣಿಕೆ. ಎಂಟನೇ ವರ್ಷದಲ್ಲಿ ಒಂದು ಎಣಿಕೆಗೆ ಎರಡು. ಆದರೆ ದಾರಿ ಅದೇ. ಮುಂದೆ ಎಷ್ಟು ಖ್ಯಾತಿ ಬಂದರೂ ಆ ನರ್ತಕಿ ಪ್ರದರ್ಶನದ ದಿನ ಬೆಳಿಗ್ಗೆ ಬಾರ್ ಹಿಡಿದು ಪ್ಲಿಯೆಯಿಂದಲೇ ಶುರು ಮಾಡುತ್ತಾಳೆ, ದೊಡ್ಡ ವಿದ್ವಾಂಸರು ಬೆಳಗಿನ ಜಾವ ಸರಳೆ ವರಸೆಗೆ ಕೂರುವ ಹಾಗೆ.

ನಾನು ಇಪ್ಪತ್ತು ವರ್ಷಗಳಿಂದ ಬ್ಯಾಲೆ ಕಲಿಸುತ್ತಿದ್ದೇನೆ. ರಂಗದ ಮೇಲಿನದಕ್ಕಿಂತ ಹೆಚ್ಚಿನ ಸೌಂದರ್ಯವನ್ನು ನಾನು ಕಂಡಿರುವುದು ಈ ಬಾರ್‌ನ ಬಳಿಯೇ. ಆರು ತಿಂಗಳು ಒಂದೇ ತಪ್ಪು ಮಾಡುತ್ತಿದ್ದ ಮಗುವಿನ ಪಾದ ಒಂದು ಸಂಜೆ ಇದ್ದಕ್ಕಿದ್ದಂತೆ ನೆಲದ ಮಾತು ಕೇಳಿಸಿಕೊಳ್ಳುತ್ತದೆ. ಮಗುವಿಗೆ ಗೊತ್ತಾಗುವ ಮೊದಲೇ ನನಗೆ ಗೊತ್ತಾಗುತ್ತದೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ವೃತ್ತಿಶಾಲೆಗಳಲ್ಲಿ ಮಕ್ಕಳನ್ನು ಸೇರಿಸಿಕೊಳ್ಳುವಾಗ ಮೈಯನ್ನೇ ಅಳೆದು ನೋಡುತ್ತಾರೆ: ಸೊಂಟದ ಕೀಲು ಎಷ್ಟು ತೆರೆಯುತ್ತದೆ, ಪಾದದ ಕಮಾನು ಹೇಗಿದೆ, ಕತ್ತು ಉದ್ದವೇ ಎಂದು. ಸೇರಿದ ಮೇಲೂ ಪರೀಕ್ಷೆಗಳಲ್ಲಿ ಕೆಲವರನ್ನು ಕೈಬಿಡುತ್ತಾರೆ. ತೆಳ್ಳಗಿರಬೇಕೆಂಬ ಒತ್ತಡದಲ್ಲಿ ಊಟ ಬಿಟ್ಟು ಆರೋಗ್ಯ ಹಾಳು ಮಾಡಿಕೊಂಡ ಹುಡುಗಿಯರು ಎಲ್ಲ ದೇಶಗಳಲ್ಲೂ ಇದ್ದಾರೆ. ಇದು ಕಲೆಗೆ ತೆರಬೇಕಾದ ಬೆಲೆ ಎಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಮಕ್ಕಳ ಹಸಿವಿನ ಮೇಲೆ ನಿಂತ ಚೆಂದ ಯಾರಿಗೂ ಬೇಡ.

ನೋಡಬೇಕಾದದ್ದು ಏನು ಎಂದಿರಿ. ಒಂದೇ ಒಂದು ದೃಶ್ಯ ಆರಿಸಿ ಎಂದರೆ ನಾನು ‘ಲಾ ಬಯಾದೆರ್’ನ ನೆರಳುಗಳ ಲೋಕವನ್ನು ಆರಿಸುತ್ತೇನೆ. ಮಾರಿಯಸ್ ಪೆತಿಪಾ 1877ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಸಂಯೋಜಿಸಿದ ಬ್ಯಾಲೆ ಇದು. ಸಂಗೀತ ಲುದ್ವಿಗ್ ಮಿಂಕುಸ್ ಅವರದು. ಕಥೆ ನಡೆಯುವುದು ನಮ್ಮ ದೇಶದಲ್ಲಿ, ಅಂದರೆ ಅವರು ಕಲ್ಪಿಸಿಕೊಂಡ ಭಾರತದಲ್ಲಿ. ದೇವಾಲಯದ ನರ್ತಕಿ ನಿಕಿಯಾ, ಯೋಧ ಸೊಲೊರ್, ಗೋಲ್ಕೊಂಡದ ರಾಜಕುಮಾರಿ, ಹೂಬುಟ್ಟಿಯಲ್ಲಿ ಬಚ್ಚಿಟ್ಟ ಹಾವು. ಅದರಲ್ಲಿನ ಬ್ರಾಹ್ಮಣ, ಫಕೀರರನ್ನು ನೋಡಿದರೆ ನಮಗೆ ಮೈ ಉರಿಯುತ್ತದೆ, ಉರಿಯಬೇಕಾದದ್ದೇ. ಯುರೋಪಿಗೆ ನಿಜವಾದ ದೇವದಾಸಿಯರ ಪರಿಚಯವೇ ಇರಲಿಲ್ಲ ಎಂದೂ ಅಲ್ಲ. ಪುದುಚೇರಿಯ ಬಳಿಯ ತಿರುವೆಂದಿಪುರಂನಿಂದ ಅಮ್ಮಣಿ ಮತ್ತು ಅವಳ ಸಂಗಡಿಗರು 1838ರಲ್ಲೇ ಪ್ಯಾರಿಸ್ಸಿಗೆ ಹೋಗಿ ನರ್ತಿಸಿದ್ದರು. ಕವಿ ತೆಯೋಫಿಲ್ ಗೋತಿಯೆ ಅವರನ್ನು ನೋಡಿ ಮನಸೋತು ಬರೆದ. ಅದೇ ಗೋತಿಯೆ ಮುಂದೆ ಕಾಳಿದಾಸನ ಶಾಕುಂತಲವನ್ನು ಬ್ಯಾಲೆಗೆ ಅಳವಡಿಸಿದ. 1858ರಲ್ಲಿ ಅದನ್ನು ಪ್ಯಾರಿಸ್ಸಿನಲ್ಲಿ ಸಂಯೋಜಿಸಿದವನು ಮಾರಿಯಸ್‌ನ ಅಣ್ಣ ಲೂಸಿಯೆನ್ ಪೆತಿಪಾ. ಹೀಗೆ ಕೈಯಿಂದ ಕೈಗೆ ದಾಟುತ್ತ ದೇವದಾಸಿ ಪೀಟರ್ಸ್‌ಬರ್ಗ್ ತಲುಪುವ ಹೊತ್ತಿಗೆ ಅವಳ ಗೆಜ್ಜೆಯೂ ಹೋಗಿತ್ತು, ಅರಮಂಡಿಯೂ ಹೋಗಿತ್ತು.

ಆದರೂ ನೆರಳುಗಳ ಆ ದೃಶ್ಯಕ್ಕೆ ನಾನು ತಲೆಬಾಗುತ್ತೇನೆ. ನಿಕಿಯಾ ಸತ್ತಿದ್ದಾಳೆ. ಸೊಲೊರ್ ಅಫೀಮಿನ ಮಂಪರಿನಲ್ಲಿದ್ದಾನೆ. ಕತ್ತಲಲ್ಲಿ ಒಂದು ಇಳಿಜಾರಿನ ಮೇಲ್ತುದಿಯಲ್ಲಿ ಬಿಳಿ ಉಡುಪಿನ ಒಬ್ಬಳು ಕಾಣಿಸುತ್ತಾಳೆ. ಒಂದು ಹೆಜ್ಜೆ ಮುಂದಿಟ್ಟು ಇನ್ನೊಂದು ಕಾಲನ್ನು ಹಿಂದಕ್ಕೆ ಚಾಚುತ್ತಾಳೆ; ಇದು ಅರಬೆಸ್ಕ್. ಆಮೇಲೆ ಮೈಯನ್ನು ಹಿಂದಕ್ಕೆ ವಾಲಿಸಿ ತೋಳನ್ನು ತಲೆಯ ಮೇಲೆ ಬಾಗಿಸುತ್ತಾಳೆ. ಮತ್ತೆ ಹೆಜ್ಜೆ. ಅವಳ ಹಿಂದೆ ಇನ್ನೊಬ್ಬಳು, ಅದೇ ಚಲನೆ. ಅವಳ ಹಿಂದೆ ಮತ್ತೊಬ್ಬಳು. ಇಳಿಜಾರು ಹಾವಿನ ನಡೆಯಂತೆ ಡೊಂಕಾಗಿ ಇಳಿಯುತ್ತದೆ. ಸಂಗೀತ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತದೆ. ಮಾರಿಯಿನ್ಸ್ಕಿಯಲ್ಲಿ ಮೂವತ್ತೆರಡು ಜನ ಹೀಗೆ ಇಳಿದು ಬರುತ್ತಾರೆ. ಮೊದಲು ಬಂದವಳು ಆ ಅರಬೆಸ್ಕನ್ನು ಮೂವತ್ತಕ್ಕೂ ಹೆಚ್ಚು ಸಲ ಮಾಡಿರುತ್ತಾಳೆ, ಇಳಿಜಾರಿನಲ್ಲಿ, ಒಂಟಿ ಕಾಲಿನಲ್ಲಿ. ಅವಳ ಮೀನಖಂಡ ಉರಿಯುತ್ತಿರುತ್ತದೆ. ಆದರೆ ಮೂವತ್ತೆರಡನೆಯವಳ ಮೊದಲ ಅರಬೆಸ್ಕಿಗೂ ಮೊದಲು ಬಂದವಳ ಕೊನೆಯದಕ್ಕೂ ಕೂದಲೆಳೆಯ ವ್ಯತ್ಯಾಸ ಕಾಣಬಾರದು. ಇಲ್ಲಿ ನಾಯಕಿಯಿಲ್ಲ. ದುಃಖ ಒಂದೇ, ಅದು ಮೂವತ್ತೆರಡು ಮೈಗಳಲ್ಲಿ ಮರುಕಳಿಸುತ್ತದೆ. ಎಂಟು ವರ್ಷ ಏಕೆಂದರೆ ಇದಕ್ಕೆ. ಪಕ್ಕದವಳ ಉಸಿರು ಕೇಳಿಸಿಕೊಂಡು ತನ್ನ ಕಾಲನ್ನು ಅಷ್ಟೇ ಎತ್ತರಕ್ಕೆ ಎತ್ತುವುದು, ಎತ್ತಲು ಸಾಧ್ಯವಿದ್ದರೂ ಅದಕ್ಕಿಂತ ಮೇಲೆ ಎತ್ತದಿರುವುದು, ಅವಸರದಲ್ಲಿ ಬರುವಂಥದ್ದಲ್ಲ.

ಇಷ್ಟೆಲ್ಲ ನಮಗೆ ಉಳಿದು ಬಂದದ್ದು ಹೇಗೆ ಎಂದು ನನಗೆ ಆಗಾಗ ಆಶ್ಚರ್ಯವಾಗುತ್ತದೆ. ಹೆಜ್ಜೆಗಳನ್ನು ಬರೆದಿಡಲು ಸ್ತೆಪಾನೊವ್ ಎಂಬವರು ಒಂದು ಲಿಪಿ ರೂಪಿಸಿದ್ದರು. ನಿಕೊಲಾಯ್ ಸೆರ್ಗೆಯೆವ್ ಎಂಬ ರಂಗನಿರ್ವಾಹಕರು ಕ್ರಾಂತಿಯ ನಂತರ ರಷ್ಯಾ ಬಿಟ್ಟು ಹೋಗುವಾಗ ಆ ಟಿಪ್ಪಣಿಗಳ ಕಟ್ಟುಗಳನ್ನು ಜೊತೆಗೆ ಒಯ್ದರು. 1934ರಲ್ಲಿ ಲಂಡನ್ನಿನಲ್ಲಿ ‘ಜಿಸೆಲ್’, ‘ಸ್ವಾನ್ ಲೇಕ್’ ಮೇಲೆದ್ದದ್ದು ಅವುಗಳ ಬಲದಿಂದ. ಈಗ ಅವು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿವೆ. ಆದರೆ ಕಾಗದದಲ್ಲಿ ಇರುವುದು ಕಾಲು ಎಲ್ಲಿಗೆ ಹೋಗಬೇಕೆಂಬುದಷ್ಟೇ. ಹೋಗುವಾಗ ಉಸಿರು ಎಲ್ಲಿರಬೇಕು ಎಂಬುದನ್ನು ಗುರುವೇ ಎದುರು ನಿಂತು ಹೇಳಬೇಕು. ಪಾಠಾಂತರ ಎನ್ನುತ್ತೇವಲ್ಲ, ಅದೇ.

ಇನ್ನು ನಿಮ್ಮ ಮಗಳು. ಎರಡನ್ನೂ ಕಲಿಯಬಹುದೇ? ಕಲಿಯಬಹುದು, ಒಂದು ಎಚ್ಚರದೊಂದಿಗೆ. ಭರತನಾಟ್ಯದ ಪಾದ ನೆಲವನ್ನು ತಟ್ಟುತ್ತದೆ, ಭಾರವನ್ನು ಕೆಳಕ್ಕೆ ಬಿಡುತ್ತದೆ. ಬ್ಯಾಲೆಯ ಪಾದ ನೆಲವನ್ನು ಒತ್ತಿ ಮೇಲಕ್ಕೆ ಏಳುತ್ತದೆ. ಎರಡು ಭಾಷೆಗಳಿವು, ಒಂದರ ಉಚ್ಚಾರ ಇನ್ನೊಂದರಲ್ಲಿ ಸೇರಬಾರದು. ಐದು ವರ್ಷದ ಅರಮಂಡಿಯಿಂದ ಅವಳಿಗೆ ತೊಡೆಯ ಬಲ, ಲಯಜ್ಞಾನ ಈಗಾಗಲೇ ಬಂದಿರುತ್ತದೆ. ಬ್ಯಾಲೆಯಿಂದ ಬೆನ್ನಿನ ನೀಳ, ಜಿಗಿದು ಇಳಿಯುವ ಹದ ಸಿಗುತ್ತದೆ. ಹನ್ನೊಂದರಲ್ಲಿ ವಾರಕ್ಕೆರಡು ತರಗತಿಯಿಂದ ಶುರು ಮಾಡಿದರೆ ವೃತ್ತಿಪರ ಬ್ಯಾಲೆರಿನಾ ಆಗುವುದು ಕಷ್ಟ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಆದರೆ ಚೆನ್ನಾಗಿ ನರ್ತಿಸಲು, ಚೆನ್ನಾಗಿ ನೋಡಲು ಅದು ತಡವಾದ ವಯಸ್ಸಲ್ಲ.

ಈ ಎರಡು ಕಲೆಗಳ ನಡುವೆ ಓಡಾಡಿದವರು ನಮ್ಮಲ್ಲಿ ದೊಡ್ಡವರೇ ಇದ್ದಾರೆ. ಪೀಟರ್ಸ್‌ಬರ್ಗ್ ಶಾಲೆಯ ಆನ್ನಾ ಪಾವ್ಲೋವಾ 1923ರಲ್ಲಿ ಲಂಡನ್ನಿನಲ್ಲಿ ಉದಯಶಂಕರರ ಜೊತೆ ರಾಧಾ ಕೃಷ್ಣ ನೃತ್ಯ ಮಾಡಿದರು. ರುಕ್ಮಿಣಿ ದೇವಿ ಅರುಂಡೇಲ್ ಅವರು ಪಾವ್ಲೋವಾರಿಗೆ ಮಾರುಹೋಗಿ, ಅವರ ತಂಡದ ಕ್ಲಿಯೊ ನೋರ್ಡಿ ಅವರಿಂದ ಬ್ಯಾಲೆ ಕಲಿತರು. ನಿಮ್ಮ ನಾಡಿನ ನೃತ್ಯವನ್ನೇ ಹುಡುಕಿಕೊಳ್ಳಿ ಎಂದು ಅವರನ್ನು ಹುರಿದುಂಬಿಸಿದವರು ಪಾವ್ಲೋವಾ. 1936ರಲ್ಲಿ ಕಲಾಕ್ಷೇತ್ರ ಹುಟ್ಟಿದ್ದರ ಹಿಂದೆ ಆ ಮಾತೂ ಇದೆ. ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ರಾಮ್ ಗೋಪಾಲ್ ಲಂಡನ್ನಿನ ರಂಗಗಳಲ್ಲಿ ಹೆಸರು ಮಾಡಿ, 1960ರಲ್ಲಿ ಬ್ಯಾಲೆರಿನಾ ಅಲಿಸಿಯಾ ಮಾರ್ಕೊವಾ ರಾಧೆಯಾದಾಗ ತಾವು ಕೃಷ್ಣನಾದರು.

ಗುರುಗಳನ್ನು ಹುಡುಕುವಾಗ ಒಂದು ತರಗತಿ ಪೂರ್ತಿ ಕೂತು ನೋಡಿ. ನೆಲ ಸಿಮೆಂಟಿನದೋ, ಪುಟಿಯುವ ಮರದ್ದೋ ಕೇಳಿ. ಮಕ್ಕಳ ಪಾದಗಳನ್ನು ಮೊಣಕಾಲಿನಿಂದ ತಿರುಚಿ ಹೊರಕ್ಕೆ ತಿರುಗಿಸುತ್ತಿದ್ದರೆ ಎದ್ದು ಬನ್ನಿ. ಆ ತೆರೆಯುವಿಕೆ ತೊಡೆಯ ಕೀಲಿನಿಂದ ಬರಬೇಕು. ‘ಮೂರು ತಿಂಗಳಲ್ಲಿ ಪಾಯಿಂಟ್ ಮೇಲೆ ನಿಲ್ಲಿಸುತ್ತೇವೆ’ ಎಂದರೆ ಅಲ್ಲಿ ಕೂರುವುದೂ ಬೇಡ. ನನಗೆ ಹದಿಮೂರಾಗಿದ್ದಾಗ ಒಬ್ಬರು ಹಾಗೆ ಆರು ವಾರಗಳಲ್ಲಿ ನಿಲ್ಲಿಸಿದರು. ವಾರ್ಷಿಕೋತ್ಸವದ ಫೋಟೊ ಚೆನ್ನಾಗಿ ಬಂತು. ಎಡ ಕಣಕಾಲು ಮಳೆಗಾಲದಲ್ಲಿ ಇಂದಿಗೂ ನೋಯುತ್ತದೆ.

ಈಗ ಆ ಶೂ. 1832ರಲ್ಲಿ ಮರೀ ತಾಲ್ಯೋನಿ ‘ಲಾ ಸಿಲ್ಫಿದ್’ನಲ್ಲಿ ತುದಿಬೆರಳಿನ ಮೇಲೆ ನಿಂತಾಗ ಅವರ ಕಾಲಲ್ಲಿದ್ದದ್ದು ತುದಿಗೆ ಸೂಜಿದಾರದಿಂದ ಹೊಲಿಗೆ ಹಾಕಿದ ಮೆತ್ತನೆಯ ಸ್ಯಾಟಿನ್ ಚಪ್ಪಲಿ; ಎತ್ತಿ ಹಿಡಿದದ್ದು ಅವರ ಪಾದವೇ. ಇಂದಿನ ಶೂ ಗಟ್ಟಿ. ಆದರೆ ಹಲವರು ಅಂದುಕೊಂಡಂತೆ ಅದರೊಳಗೆ ಮರವಿಲ್ಲ, ಕಬ್ಬಿಣವಿಲ್ಲ. ಗೋಣಿಬಟ್ಟೆ, ಕಾಗದ, ಅಂಟು ಪದರ ಪದರವಾಗಿ ಒಣಗಿ ಆದ ಗೂಡು ಅದು. ಬೆವರಿಗೆ ಮೆತ್ತಗಾಗುತ್ತದೆ, ದೊಡ್ಡ ಪಾತ್ರ ಮಾಡುವವರಿಗೆ ಒಂದು ಜೋಡಿ ಒಂದೇ ಸಂಜೆಗೆ ಮುಗಿದುಹೋಗುವುದುಂಟು. ಲಂಡನ್ನಿನ ಫ್ರೀಡ್ ಕಂಪನಿಯಲ್ಲಿ ಪ್ರತಿ ಕುಶಲಕರ್ಮಿಯೂ ಅಟ್ಟೆಯ ಮೇಲೆ ತನ್ನ ಗುರುತು ಒತ್ತುತ್ತಾನೆ, ನರ್ತಕಿಯರು ಹೆಸರೂ ಗೊತ್ತಿಲ್ಲದ ಆ ಗುರುತಿನವನ ಕೈಯ ಶೂವನ್ನೇ ಬೇಕೆಂದು ಕೇಳುತ್ತಾರೆ. ಪಾದಕ್ಕೂ ಶೂಗೂ ಇರುವ ನಂಟು ಅಷ್ಟು ಸೂಕ್ಷ್ಮ. ಅಳತೆ ನೋಡದೆ, ಪರದೆಯ ಮೇಲೆ ನಂಬರ್ ಒತ್ತಿ ತರಿಸಿದ್ದು ನಿಮ್ಮ ಮಗಳ ಪಾದಕ್ಕೆ ಹೊಂದಿರುವ ಸಂಭವ ಬಹಳ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಅವಳ ಪಾದದ ಮೂಳೆಗಳು ಇನ್ನೂ ಬೆಳೆಯುತ್ತಿವೆ. ಕಣಕಾಲು, ಹೊಟ್ಟೆ, ಬೆನ್ನಿನ ಬಲ ಬರುವ ಮೊದಲೇ ಇಡೀ ಮೈಯ ಭಾರ ಹೆಬ್ಬೆರಳಿನ ತುದಿಗೆ ಬಿದ್ದರೆ ಆಗುವ ಹಾನಿ ಸರಿಪಡಿಸಲು ಬರುವುದಿಲ್ಲ. ಕನಿಷ್ಠ ಎರಡು ಮೂರು ವರ್ಷ ಮೆತ್ತನೆಯ ಚಪ್ಪಲಿಯಲ್ಲಿ ಕಲಿಯಲಿ. ಆಮೇಲೆ ಗುರುಗಳು ಪಾದ ಮುಟ್ಟಿ ನೋಡಿ ಹೇಳಲಿ.

ಅಷ್ಟರಲ್ಲಿ ಅವಳ ಪಾದ ಹೇಗೂ ದೊಡ್ಡದಾಗಿರುತ್ತದೆ. ಹಿಂದಿರುಗಿಸುವ ಗಡುವು ಮೀರಿಲ್ಲದಿದ್ದರೆ ಅವಳ ಮಾವನಿಗೆ ಹೇಳಿ ಅದನ್ನು ವಾಪಸ್ ಕಳಿಸಿಬಿಡಿ, ಬದಲಿಗೆ ಕ್ಯಾನ್ವಾಸ್ ಬಟ್ಟೆಯ ಮೆತ್ತನೆಯ ಬ್ಯಾಲೆ ಚಪ್ಪಲಿ ಒಂದು ಜೋಡಿ ತರಿಸಲಿ. ಮನೆಯಲ್ಲಿ ಅಭ್ಯಾಸಕ್ಕೆ ಬಾರ್ ಬೇಕಿಲ್ಲ. ಅಡುಗೆಮನೆಯ ಕಟ್ಟೆಯ ಅಂಚು ಹಿಡಿದರೆ ಸಾಕು. ಹನ್ನೊಂದರ ಹುಡುಗಿಗೆ ಅದು ಸರಿಯಾದ ಎತ್ತರ.